ಮೌನದಲ್ಲೂ ದುಡಿಯುವ ಅಲೆ

ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನದು, ಪ್ರೇಷಕದ ಸಾಮರ್ಥ್ಯ 200 ಕಿಲೋವಾಟ್. ಇದು ಕ್ಯಾರಿಯರ್ ಅಂದರೆ ವಾಹಕ ಅಲೆಯ ಶಕ್ತಿಯ ಲೆಕ್ಕ. ವಾರ್ತೆ ಓದುವವರು ಉಸಿರೆಳೆದುಕೊಳ್ಳಲು ನಿಂತಾಗಲೂ ಈ ಅಲೆ ಹೊರಡುತ್ತಲೇ ಇರುತ್ತದೆ. ಆದರೆ ಮಾತು ಇರುವುದು ಅದರಲ್ಲಲ್ಲ. 1 ಕಿಲೋಹರ್ಟ್ಸ್‌ನ ಸ್ವರವೊಂದನ್ನು ಅದಕ್ಕೆ ಸೇರಿಸಿದರೆ 764ರಲ್ಲಿ ಒಂದು, 766ರಲ್ಲಿ ಒಂದು ಹೊಸ ಅಲೆ ಹುಟ್ಟುತ್ತದೆ. ಸ್ವರದ ಮಾಹಿತಿಯೆಲ್ಲ ಈ ಎರಡು ಸೈಡ್‌ಬ್ಯಾಂಡ್‌ಗಳಲ್ಲಿರುತ್ತದೆ, ಅದೂ ಒಂದೇ ಮಾಹಿತಿ ಎರಡು ಸಲ. ಧ್ವನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುವುದೇ ಮಾಡ್ಯುಲೇಶನ್. ಅದನ್ನು ನೂರಕ್ಕೆ ನೂರು ಕೊಟ್ಟರೆ ಸೈಡ್‌ಬ್ಯಾಂಡ್‌ಗಳಿಗೆ ಸಿಗುವುದು 100 ಕಿಲೋವಾಟ್, ಅಂದರೆ ಒಟ್ಟು 300ರಲ್ಲಿ ಮೂರನೇ ಒಂದು ಪಾಲು. ಮಾಡ್ಯುಲೇಶನ್ ನೂರನ್ನೂ ಮೀರಿದರೆ ಧ್ವನಿ ಒಡೆಯುತ್ತದೆ. ಮಾಡ್ಯುಲೇಶನ್ ಶೇಕಡಾ 30ಕ್ಕೆ ಇಳಿದರೆ ಈ ಪಾಲು ಬರೀ 9 ಕಿಲೋವಾಟ್. ಎಎಂ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಶನ್ ಪ್ರಸಾರ ವಿದ್ಯುತ್ತಿನ ದುಂದು ಎಂದು ಪಠ್ಯಪುಸ್ತಕಗಳು ಹೇಳುವುದು ಇದಕ್ಕೇ.

ಈ ತೀರ್ಪು ಅವಸರದ್ದು ಎಂಬುದು ನನ್ನ ವಾದ. ಕ್ಯಾರಿಯರನ್ನೂ ಒಂದು ಸೈಡ್‌ಬ್ಯಾಂಡನ್ನೂ ತೆಗೆದು ಕಳಿಸುವ ಉಪಾಯಕ್ಕೆ ಅಮೆರಿಕದ ಜಾನ್ ಕಾರ್ಸನ್ 1915ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಕಳಿಸುವ ಶಕ್ತಿ ಅಷ್ಟೇ ಇದ್ದು ಗದ್ದಲವೂ ಅಷ್ಟೇ ಇದ್ದರೆ, ಎಎಂ ಎಷ್ಟೇ ಚೆನ್ನಾಗಿ ನಡೆದರೂ ಅದರಲ್ಲಿ ಧ್ವನಿಗೂ ಗದ್ದಲಕ್ಕೂ ಇರುವ ಅನುಪಾತ ಈ ಉಪಾಯದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ. ಹವ್ಯಾಸಿ ರೇಡಿಯೋ ಬಳಕೆದಾರರಾದ ಹ್ಯಾಮ್‌ಗಳು ಇಂದಿಗೂ ಆ ಉಪಾಯವನ್ನೇ ಬಳಸುತ್ತಾರೆ. ಆದರೆ ಕಳೆದುಹೋದ ಕ್ಯಾರಿಯರನ್ನು ಅಲ್ಲಿ ರಿಸೀವರೇ ಹುಟ್ಟಿಸಿಕೊಳ್ಳಬೇಕು. ಕೆಲವೇ ಹರ್ಟ್ಸ್ ಆಚೀಚೆಯಾದರೂ ಹಾಡಿನ ಶ್ರುತಿ ಕೆಡುತ್ತದೆ. ಕ್ಯಾರಿಯರ್ ಜೊತೆಗೇ ಬಂದರೆ ಒಂದು ಡಯೋಡ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಸಾಕು, ಧ್ವನಿ ಕೈಗೆ ಬಂತು. ರೇಡಿಯೋ ಬಡವರ ಮನೆಗೂ ಹೋದದ್ದು, ಖರ್ಚನ್ನೆಲ್ಲ ಪ್ರಸಾರ ಕೇಂದ್ರ ತಾನೇ ಹೊತ್ತುಕೊಂಡಿದ್ದರಿಂದ.

ಇಷ್ಟು ಶಕ್ತಿ ಸುರಿದರೂ ಮುಂಗಾರಿನ ಮಿಂಚು ಹೊಡೆದಾಗ ರೇಡಿಯೋ ಯಾಕೆ ಪಟಪಟ ಎನ್ನುತ್ತದೆ ಎಂದು ಯಾರಾದರೂ ಕೇಳಬಹುದು. ಎಎಂನಲ್ಲಿ ಸಂದೇಶ ಇರುವುದೇ ಅಲೆಯ ಎತ್ತರದಲ್ಲಿ. ಮಿಂಚು, ಕಳಪೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಕದಡುವುದೂ ಆ ಎತ್ತರವನ್ನೇ. ಯಾವುದು ಮಾತು, ಯಾವುದು ಗದ್ದಲ ಎಂದು ಡಯೋಡಿಗೆ ತಿಳಿಯದು. ಹಾಗೆಂದು ಪ್ರೇಷಕದ ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಿಗುವ ಲಾಭ 3 ಡೆಸಿಬಲ್. ಕಿವಿಗೆ ಅದು ಅಲ್ಪ, ಕರೆಂಟ್ ಬಿಲ್ಲಿಗೆ ಅಲ್ಪವಲ್ಲ. 1933ರಲ್ಲಿ ಪೇಟೆಂಟ್ ಪಡೆದ ಆರ್ಮ್‌ಸ್ಟ್ರಾಂಗ್ ಅವರ ಎಫ್‌ಎಂ ಈ ಏರಿಳಿತವನ್ನೇ ಕತ್ತರಿಸಿ ಎಸೆಯುತ್ತದೆ, ನಿಜ; ಆದರೆ ಮೀಡಿಯಂ ವೇವ್‌ನಂತೆ ನೆಲದ ಬಾಗನ್ನು ಹಿಡಿದು ಜಿಲ್ಲೆಗಳನ್ನು ದಾಟುವ ಶಕ್ತಿ ಆ ಪ್ರಸಾರಕ್ಕಿಲ್ಲ.

ಮಾತಿಲ್ಲದಾಗ ಕ್ಯಾರಿಯರನ್ನಾದರೂ ತಗ್ಗಿಸಬಾರದೇ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಹಾಗೆ ಮಾಡುವ ಪ್ರೇಷಕಗಳೂ ಇವೆ. ಅದರ ಫಲವನ್ನು ರೇಡಿಯೋದ ಒಳಗೆ ನೋಡಬೇಕು. ಬರುವ ಕ್ಯಾರಿಯರ್ ಎಷ್ಟು ಬಲವಾಗಿದೆ ಎಂದು ಅಳೆದು ತನ್ನ ವರ್ಧನೆಯನ್ನು ತಾನೇ ಹೊಂದಿಸಿಕೊಳ್ಳುವ ಸರ್ಕ್ಯೂಟ್ ಅಲ್ಲಿರುತ್ತದೆ. ಕ್ಯಾರಿಯರ್ ಕುಗ್ಗಿದರೆ ಅದು ವರ್ಧನೆಯನ್ನು ಏರಿಸುತ್ತದೆ, ಜೊತೆಗೆ ಗದ್ದಲವೂ ಏರುತ್ತದೆ. ಮರೆಮಾಚಲು ಮಾತು ಇಲ್ಲದ ಹೊತ್ತಿನಲ್ಲೇ ಕರಕರ ಜೋರಾಗುತ್ತದೆ. ಅಂದರೆ ಮೌನದಲ್ಲಿ ಕ್ಯಾರಿಯರ್ ಸುಮ್ಮನೆ ಉರಿಯುತ್ತಿರಲಿಲ್ಲ, ಗದ್ದಲವನ್ನು ಅದುಮಿ ಹಿಡಿದಿತ್ತು. ಬಿಬಿಸಿ ಬಳಸಿದ ವಿಧಾನ ಇದಕ್ಕೆ ತದ್ವಿರುದ್ಧ: ಮೌನದಲ್ಲಿ ಪೂರ್ತಿ ಶಕ್ತಿ, ಧ್ವನಿ ಏರಿದಾಗ ಇಡೀ ಸಂಕೇತಕ್ಕೆ ಕಡಿತ. ಆಗ ವರ್ಧನೆ ಏರಿ ಗದ್ದಲ ಹೆಚ್ಚಿದರೂ ಜೋರು ಧ್ವನಿ ಅದನ್ನು ಮುಚ್ಚಿಬಿಡುತ್ತದೆ. ವಿದ್ಯುತ್ ಉಳಿಸಲೇಬೇಕಾದ ಕೇಂದ್ರಕ್ಕೆ ಇದೇ ಸರಿಯಾದ ದಾರಿ ಎನಿಸುತ್ತದೆ. ಮನೆಮನೆಯ ಹಳೆ ರೇಡಿಯೋಗಳಲ್ಲಿ ಒಂದು ಸ್ಕ್ರೂವನ್ನೂ ಬದಲಿಸಬೇಕಾಗಿಲ್ಲ.