ಸುಣ್ಣದ ನೆಲದಲ್ಲಿ ಕಬ್ಬಿಣದ ಲೆಕ್ಕ

ನರಗಳು ಹಸುರಾಗಿಯೇ ಉಳಿದು, ಅವುಗಳ ನಡುವಣ ಎಳೆಯ ಎಲೆಯೆಲ್ಲ ಹಳದಿಗಟ್ಟುವ ವ್ಯಾಧಿಗೆ ಕಬ್ಬಿಣದ ಅಭಾವವೂ ಕಾರಣವಾಗಬಹುದೆಂಬುದನ್ನು, 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಅವರು ವಿವರ್ಣವಾದ ಸಸ್ಯಗಳಿಗೆ ಕಬ್ಬಿಣದ ಲವಣವನ್ನುಣಿಸಿ ತೋರಿಸಿಕೊಟ್ಟರು. ಆದರೆ ಭೂಮಿಯಲ್ಲಿ ಕಬ್ಬಿಣಕ್ಕೆ ಬರವೆಂಬುದೇ ಅಪೂರ್ವ. ಸಾಮಾನ್ಯವಾಗಿ ಮಣ್ಣಿನ ನೂರು ಪಾಲಿನಲ್ಲಿ ಒಂದರಿಂದ ಐದು ಪಾಲು ಅದೇ. ಪಿಎಚ್ ಒಂದು ಅಂಕ ಏರಿದೊಡನೆ ಫೆರಿಕ್ ಅಯಾನು ಕರಗುವ ಪ್ರಮಾಣವು ಸಾವಿರ ಪಟ್ಟು ಕುಗ್ಗುವುದರಿಂದ, ಪಿಎಚ್ ಹೆಚ್ಚಿರುವ ಸುಣ್ಣದ ನೆಲದ ಗಿಡವು ಸಮೃದ್ಧಿಯ ನಡುವೆಯೇ ಉಪವಾಸ ಬೀಳುತ್ತದೆ. ಬೇರಿಗೆ ದಕ್ಕುವುದೆಷ್ಟು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಈ ಪ್ರಶ್ನೆಯನ್ನು ತುರ್ತಾಗಿಸಿದುದು ದ್ರಾಕ್ಷಿಯ ವಿಪತ್ತು. ಫಿಲೊಕ್ಸೆರ ಕೀಟವು ಫ್ರಾನ್ಸಿನ ತೋಟಗಳನ್ನು ನಾಶಗೈದಾಗ, ಅದನ್ನು ತಾಳಿಕೊಳ್ಳುವ ಅಮೆರಿಕದ ಬೇರುಸಸಿಗಳ ಮೇಲೆ ಬಳ್ಳಿಗಳನ್ನು ಕಸಿಮಾಡಿದರಷ್ಟೆ. ಷರಾಂತ್ ಪ್ರಾಂತದ ಸುಣ್ಣದ ನೆಲದಲ್ಲಿ ಅವುಗಳಲ್ಲಿ ಅನೇಕವು ಹಳದಿಗಟ್ಟಿ ಸೊರಗಿದವು. 1887ರಲ್ಲಿ ಫ್ರಾನ್ಸಿನ ದ್ರಾಕ್ಷಿತಜ್ಞ ಪಿಯೇರ್ ವಿಯಾಲಾ ಅಮೆರಿಕಕ್ಕೆ ಹೋಗಿ, ಟೆಕ್ಸಾಸಿನ ಸುಣ್ಣಕಲ್ಲಿನ ಪ್ರದೇಶದ ಬರ್ಲಾಂಡಿಯೇರಿ ಎಂಬ ಕಾಡುದ್ರಾಕ್ಷಿಯ ಯೋಗ್ಯತೆಯನ್ನು ಮನಗಂಡು ಬಂದರು. ಆದರೂ ಯಾವ ನೆಲಕ್ಕೆ ಯಾವ ಬೇರು ಎಂಬುದನ್ನು ನೆಡುವ ಮುನ್ನ ತಿಳಿಯಬೇಕಲ್ಲವೆ? 1942ರಲ್ಲಿ ದ್ರುಯಿನೋ ಅವರು ಒಟ್ಟು ಸುಣ್ಣದಿಂದ ‘ಕ್ರಿಯಾಶೀಲ’ ಸೂಕ್ಷ್ಮ ಸುಣ್ಣವನ್ನು ಬೇರ್ಪಡಿಸಿ ಅಳೆದರು. 1972ರಲ್ಲಿ ಜೂಸ್ತ್ ಮತ್ತು ಪೂಜೆ ಆ ಸುಣ್ಣದ ಪ್ರಮಾಣವನ್ನು, ಅಮೋನಿಯಂ ಆಕ್ಸಲೇಟಿನಿಂದ ಸುಲಭವಾಗಿ ಹೊರಬರುವ ಕಬ್ಬಿಣದ ಪ್ರಮಾಣದ ವರ್ಗದಿಂದ ಭಾಗಿಸಿ ಸೂಚ್ಯಂಕವೊಂದನ್ನು ರಚಿಸಿದರು. ಕಬ್ಬಿಣವನ್ನು ಅದರ ಪ್ರತಿಕೂಲ ಶಕ್ತಿಯೊಡನೆ ಕೂಡಿಸಿಯೇ ಎಣಿಸಿದ ಈ ವಿವೇಕವು ನನಗೆ ಅತ್ಯಂತ ಶ್ಲಾಘ್ಯವಾಗಿ ಕಾಣುತ್ತದೆ.

ಲೋಕದಲ್ಲಿ ಹೆಚ್ಚು ಪ್ರಚುರವಾದುದು ಬೇರೊಂದು ವಿಧಾನ. 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಪ್ರಕಟಿಸಿದ ಪದ್ಧತಿಯಂತೆ, ಹತ್ತು ಗ್ರಾಂ ಮಣ್ಣನ್ನು 7.3 ಪಿಎಚ್‌ಗೆ ಹೊಂದಿಸಿದ ಇಪ್ಪತ್ತು ಮಿಲಿಲೀಟರ್ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಎರಡು ಗಂಟೆ ಕುಲುಕಿ, ಸೋಸಿ, ಕರಗಿಬಂದ ಲೋಹವನ್ನು ಅಳೆಯುತ್ತಾರೆ. ಕೊಲರಾಡೊದ 77 ಮಣ್ಣುಗಳಲ್ಲಿ, ಹೊಲದ ಬೆಳೆಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದ ಅವರು ಕಬ್ಬಿಣಕ್ಕೆ 4.5 ಪಿಪಿಎಂ ಎಂಬ ಮಿತಿಯನ್ನು ಹೇಳಿದರೂ, ಪ್ರತಿ ಬೆಳೆಗೂ ಮಿತಿಯನ್ನು ಬೇರೆಯಾಗಿಯೇ ನಿರ್ಧರಿಸಬೇಕೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ಹಿಂದುಳಿದು, ಅಂಕೆಯೊಂದೇ ದೇಶಾಂತರಗಳಿಗೆ ಸಂಚರಿಸಿದುದು ವ್ಯಥೆಯ ಸಂಗತಿ.

2015ರಲ್ಲಿ ನಮ್ಮಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಕಬ್ಬಿಣವುಂಟು, ಪಿಎಚ್ ಉಂಟು, ಸುಣ್ಣದ ಅಳತೆಯಿಲ್ಲ. ವಿಜಯಪುರದ ಕಡೆಯ ಸುಣ್ಣಭರಿತ ಕಪ್ಪುಮಣ್ಣಿನಲ್ಲಿ ದ್ರಾಕ್ಷಿ ನೆಡಲಿರುವ ಕೃಷಿಕನು, ಮೇಲ್ಪದರದ ಒಂದು ಹಿಡಿಯಷ್ಟೇ ಅಲ್ಲದೆ ಬೇರು ಇಳಿಯುವ ಆಳದ ಮಣ್ಣನ್ನೂ ಒಯ್ದು, ಸುಣ್ಣದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಿಕೊಳ್ಳಬೇಕು.