ಪ್ರೀತಿ ಒಂದಿಷ್ಟು, ಪತ್ತೇದಾರಿ ಒಂದಿಷ್ಟು



"ಈಚೆಗೆ ಯಾವ ಕನ್ನಡ ಪುಸ್ತಕ ಓದಿದ್ರಿ?" ನಮ್ಮ ಕೂಟದ ಯಾವುದೇ ಸಮಾರಂಭದಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಬಿಸಿಬೇಳೆಭಾತ್ ತಟ್ಟೆ ಹಿಡಿದವರೆಲ್ಲ ಮಜ್ಜಿಗೆಯ ಕಡೆಗೆ ಸರಿಯುತ್ತಾರೆ. ಓದಲು ಬಾರದವರೇನಲ್ಲ ನಾವು. ಬಸ್ಸಿನ ಬೋರ್ಡಿನಿಂದ ಹಿಡಿದು ಪಂಚಾಂಗದವರೆಗೆ ಎಲ್ಲವನ್ನೂ ಓದಿಕೊಂಡು ಬೆಳೆದವರೇ. ಆದರೆ ಹತ್ತು ಹದಿನೈದು ವರ್ಷ ಹೊರದೇಶದಲ್ಲಿದ್ದರೆ ಕಣ್ಣಿಗೆ ಕನ್ನಡದ ಓಟ ತಪ್ಪುತ್ತದೆ. ಒಂದು ಪುಟಕ್ಕೆ ಐದು ನಿಮಿಷ ಬೇಕಾದಾಗ ಪುಸ್ತಕ ತಾನಾಗಿಯೇ ಕಪಾಟು ಸೇರುತ್ತದೆ. ಅಪ್ಪ ಅಮ್ಮ ಓದದ ಭಾಷೆಯನ್ನು ಮಕ್ಕಳು ಓದಲಿ ಎಂದು ಭಾನುವಾರದ ಕನ್ನಡ ತರಗತಿಗೆ ಕಳಿಸುವುದರಲ್ಲಿ ಅರ್ಥವೇನಿದೆ, ನೀವೇ ಹೇಳಿ.

ತಪ್ಪಿದ ಓಟ ಮರಳಿ ಬರಬೇಕಾದರೆ ಭಾರಿ ಗ್ರಂಥಗಳಿಂದ ಶುರು ಮಾಡಬಾರದು ಎಂಬುದು ನನ್ನ ನಂಬಿಕೆ. ಊರಿನಲ್ಲಿ ನಮ್ಮ ಅಮ್ಮಂದಿರು, ಅತ್ತೆಯರು ಓದುಗರಾದದ್ದು ಮಹಾಕಾವ್ಯ ಓದಿಯಲ್ಲ. ಬಾಡಿಗೆ ಲೈಬ್ರರಿಯಿಂದ ತಂದ ಪ್ರೇಮ ಕಾದಂಬರಿ, ವಾರಪತ್ರಿಕೆಯ ಧಾರಾವಾಹಿ, ರೈಲು ನಿಲ್ದಾಣದಲ್ಲಿ ಕೊಂಡ ಪತ್ತೇದಾರಿ ಇವುಗಳಿಂದ. ಹಾಗಾಗಿ ಕಳೆದ ಕೆಲವು ತಿಂಗಳು ನಾನು ಓದಿದ್ದು, ಮರಳಿ ಓದಿದ್ದು ಎಲ್ಲ ಈ ಎರಡು ಜಾತಿಯವೇ: ಪ್ರೀತಿಯ ಕತೆ ಮತ್ತು ಕುತೂಹಲದ ಕತೆ.

ನನ್ನ ಅಳತೆಗೋಲು ಎರಡೇ. ಒಂದು, ಕನ್ನಡ ಓದುವುದನ್ನು ಬಿಟ್ಟವರ ಕೈಯಲ್ಲೂ ಈ ಪುಸ್ತಕ ಪುಟ ತಿರುಗಿಸುತ್ತದೆಯೇ? ಎರಡು, ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ಏನಾದರೂ ಉಳಿಯುತ್ತದೆಯೇ? ಯಾವ ಕತೆಯ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಮುಂದುವರಿಯಿರಿ.

ಬೆಳ್ಳಿಮೋಡ – ತ್ರಿವೇಣಿ

1967ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ನೋಡಿದವರಿಗೆ ಕತೆ ಗೊತ್ತು. ಶ್ರೀಮಂತ ತೋಟದ ಮನೆಯ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನ ಮಾವನಾಗುವವರ ಹಣದಲ್ಲಿ ಹೊರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬಂದಂತಾಗುತ್ತದೆ. ಮೋಹನನ ಪ್ರೀತಿಯ ಲೆಕ್ಕ ಅಲ್ಲಿಂದ ಬದಲಾಗುತ್ತದೆ.

ಹೊರದೇಶಕ್ಕೆ ಓದಲು ಹೋದ ಹುಡುಗನ ಕತೆಯನ್ನು ಹೊರದೇಶದಲ್ಲಿ ಕುಳಿತು ಓದುವ ಅನುಭವವೇ ಬೇರೆ! ನಾವು ಇಲ್ಲಿಗೆ ಬಂದು ಸೇರಲು ಯಾರು ಯಾರು ಏನೇನು ಅಡವಿಟ್ಟರು ಎಂದು ಒಂದು ಗಳಿಗೆ ಯೋಚನೆ ಹತ್ತುತ್ತದೆ. ತ್ರಿವೇಣಿಯವರದು ಸಣ್ಣ ಸಣ್ಣ ವಾಕ್ಯ, ಮನೆಮಾತಿನ ಕನ್ನಡ. ಎಲ್ಲೂ ನಿಘಂಟು ಬೇಡ. ಮೋಹನನನ್ನು ಅವರು ಖಳನಾಯಕ ಮಾಡುವುದಿಲ್ಲ, ಲೆಕ್ಕಾಚಾರದ ಮನುಷ್ಯ ಅಷ್ಟೆ. ನಮ್ಮ ನಡುವೆಯೂ ಸಿಗುವಂಥವನು. ಅದಕ್ಕೇ ಹೆಚ್ಚು ಚುಚ್ಚುತ್ತದೆ. ಇಂದಿರಾ ಕೊನೆಗೆ ಆಡುವ ಮಾತಿಗಾಗಿ ಇಡೀ ಪುಸ್ತಕ ಓದಬಹುದು. 1963ರಲ್ಲಿ ತೀರಿಕೊಂಡಾಗ ತ್ರಿವೇಣಿಯವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡೂ ಅಳತೆಯಲ್ಲಿ ಪೂರ್ತಿ ಅಂಕ.

ಬಂಧನ – ಉಷಾ ನವರತ್ನರಾಂ

ಡಾಕ್ಟರ್ ಹರೀಶ್ ಎಂದರೆ ನಮಗೆಲ್ಲ 1984ರ ಚಿತ್ರದ ವಿಷ್ಣುವರ್ಧನ್ ಅವರೇ. ನಮ್ಮ ಮನೆಯಲ್ಲಂತೂ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಹಾಡು ಶುರುವಾಯಿತು! ಹೇಳದೇ ಉಳಿದ ಒಂದು ಪ್ರೀತಿ, ಅದನ್ನು ಗೊತ್ತಿಲ್ಲದೆ ದಾಟಿ ಹೋಗುವ ನಂದಿನಿ. ಓದಿಸಿಕೊಂಡು ಹೋಗುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಆದರೆ ಇವತ್ತಿಗೆ ಓದುವಾಗ, ಇಷ್ಟು ಓದಿದ ಈ ಡಾಕ್ಟರು ಎರಡು ಮಾತು ಬಾಯಿಬಿಟ್ಟು ಕೇಳಬಾರದಿತ್ತೇ ಎಂಬ ಕಿರಿಕಿರಿಯೂ ಆಗುತ್ತದೆ. ಮೌನವೇ ತ್ಯಾಗ ಎಂದು ನಂಬಿದ ಕಾಲದ ಕತೆ. ಊರಿನಿಂದ ಬಂದು ಆರು ತಿಂಗಳು ನಿಮ್ಮ ಜೊತೆ ಇರುವ ಅಮ್ಮನಿಗೋ ಅತ್ತೆಗೋ ಕೊಡಿ. ಮಧ್ಯಾಹ್ನಗಳು ಸಲೀಸಾಗಿ ಕಳೆಯುತ್ತವೆ.

ಪತ್ತೇದಾರ ಪುರುಷೋತ್ತಮ – ಎನ್. ನರಸಿಂಹಯ್ಯ

ಇವರ ಹೆಸರು ಹೇಳಿದರೆ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ನಾಲ್ಕನೇ ತರಗತಿಗೆ ಶಾಲೆ ನಿಂತುಹೋದ ಈ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು 2011ರಲ್ಲಿ ತೀರಿಕೊಂಡರು. ಕಿಸೆಯಲ್ಲಿ ಹಿಡಿಸುವ ಪುಸ್ತಕ, ಅಗ್ಗದ ಬೆಲೆ, ರಾತ್ರಿ, ಮಳೆ, ಕಾಲುಸಪ್ಪಳ. ಈಗ ಓದಿದರೆ ಅರ್ಧದಲ್ಲೇ ಅಪರಾಧಿ ಯಾರೆಂದು ಗೊತ್ತಾಗಿಬಿಡುತ್ತದೆ. ಪಾತ್ರಗಳೂ ಹೆಸರು ಮಾತ್ರ ಬೇರೆ, ಮುಖ ಒಂದೇ. ನನ್ನ ಎರಡನೆಯ ಅಳತೆಯಲ್ಲಿ ಪುರುಷೋತ್ತಮ ಪಾಸಾಗುವುದಿಲ್ಲ. ಮೊದಲನೆಯದರಲ್ಲಿ ಮಾತ್ರ ಇವತ್ತಿಗೂ ಅವನನ್ನು ಹಿಡಿಯುವವರಿಲ್ಲ. ಅಕ್ಷರ ಕೂಡಿಸಿ ಓದುವ ಹನ್ನೆರಡು ವರ್ಷದ ಮಗುವಿನ ಜೊತೆ ಗಟ್ಟಿಯಾಗಿ ಓದಿ ನೋಡಿ. "ಆಮೇಲೆ?" ಎಂದು ಅದೇ ಪುಟ ಮಗುಚುತ್ತದೆ. ಪಠ್ಯಪುಸ್ತಕಕ್ಕೆ ಈ ಭಾಗ್ಯವಿಲ್ಲ.

ತುಳಸಿದಳ – ಯಂಡಮೂರಿ ವೀರೇಂದ್ರನಾಥ್

ತೆಲುಗಿನಿಂದ ವಂಶಿಯವರು ಕನ್ನಡಕ್ಕೆ ತಂದದ್ದು. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟದ ಪ್ರಯೋಗ, ಅದರ ಹಿಂದೆ ಹಣದಾಸೆ. ಮಂತ್ರವಾದಿಯೂ ವೈದ್ಯನೂ ಮಗುವಿಗಾಗಿ ಎರಡು ಕಡೆಯಿಂದ ಎಳೆಯುವಂಥ ಕತೆ. ನಿದ್ದೆಗೆಡಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ನಡುರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋಗುವಾಗ ನಾನು ಎಲ್ಲ ದೀಪ ಹಾಕಿಕೊಂಡೇ ಹೋದೆ. ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮಾಟಮಂತ್ರದ ವಿವರಗಳನ್ನು ಇಷ್ಟು ರುಚಿಕಟ್ಟಾಗಿ ಬಡಿಸಿದರೆ ಭಯ ಉಳಿಯುತ್ತದೆ, ವಿಚಾರ ಹಿಂದೆ ಸರಿಯುತ್ತದೆ. ದೊಡ್ಡವರಿಗೆ ಸರಿ. ಮಕ್ಕಳಿರುವ ಮನೆಯಲ್ಲಿ ಮೇಲಿನ ಅರೆಯಲ್ಲಿಡಿ.

ಜುಗಾರಿ ಕ್ರಾಸ್ – ಕೆ.ಪಿ. ಪೂರ್ಣಚಂದ್ರ ತೇಜಸ್ವಿ

ನನ್ನನ್ನು ಯಾರಾದರೂ "ಒಂದೇ ಒಂದು ಪುಸ್ತಕ ಹೇಳಿ" ಎಂದರೆ ಇದನ್ನೇ ಹೇಳುತ್ತೇನೆ. 1994ರಲ್ಲಿ ಬಂದ ಈ ಕಾದಂಬರಿ ಹೆಚ್ಚುಕಡಿಮೆ ಒಂದು ದಿನದೊಳಗೆ ನಡೆದು ಮುಗಿಯುತ್ತದೆ. ಸುರೇಶ ಮತ್ತು ಗೌರಿ ಏಲಕ್ಕಿ ಬೆಳೆಯುವ ಎಳೆಯ ದಂಪತಿ. ಏಲಕ್ಕಿ ಮಾರಲು ಹೊರಟವರು ತಮಗೆ ಸಂಬಂಧವೇ ಇಲ್ಲದ ಕಳ್ಳವ್ಯವಹಾರದ ಸುಳಿಗೆ ಸಿಕ್ಕಿಕೊಳ್ಳುತ್ತಾರೆ. ಘಟ್ಟದ ಕಾಡು, ರೈಲು, ಸುರಂಗ, ಹಳೆಯ ಕಾವ್ಯವೊಂದರೊಳಗೆ ಅಡಗಿ ಕುಳಿತ ಕೆಂಪು ಕಲ್ಲಿನ ಗುಟ್ಟು, ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ.

ಇದು ಪತ್ತೇದಾರಿಯೇ? ಹೌದು, ಉಸಿರು ಬಿಗಿಹಿಡಿದು ಓದಿಸುತ್ತದೆ. ಪ್ರೇಮಕತೆಯೇ? ಅದೂ ಹೌದು. ಗೌರಿ ಮತ್ತು ಸುರೇಶ ಮುತ್ತಿನಂಥ ಮಾತೇನೂ ಆಡುವುದಿಲ್ಲ. ಗೊಣಗುತ್ತಾರೆ, ರೇಗುತ್ತಾರೆ, ಅಪಾಯ ಬಂದಾಗ ಒಬ್ಬರ ಕೈ ಒಬ್ಬರು ಬಿಡುವುದಿಲ್ಲ. ಮದುವೆಯಾಗಿ ವರ್ಷಗಳಾದವರಿಗೆ ಇದಕ್ಕಿಂತ ನಿಜವಾದ ಪ್ರೀತಿ ಇನ್ನೆಲ್ಲಿ ಸಿಗಬೇಕು? ಇದರ ಜೊತೆಗೆ, ಹಳೆಯ ಕಾವ್ಯವನ್ನು ಓದಬಲ್ಲವರಿಗೆ ಮಾತ್ರ ಗುಟ್ಟು ಬಿಚ್ಚಿಕೊಳ್ಳುತ್ತದೆ. ನಿಧಿಯ ಬೀಗದಕೈ ಇರುವುದು ನಮ್ಮ ಭಾಷೆಯ ಹಳೆಯ ಸಾಲುಗಳಲ್ಲಿ! ತೇಜಸ್ವಿ ನಗುನಗುತ್ತ ಹೇಳಿದ ಈ ಮಾತು ನಮ್ಮಂಥವರಿಗೆ ಮಾತ್ರ ನಗೆಯ ಮಾತಲ್ಲ. ಓದುವುದನ್ನು ಬಿಟ್ಟವರು ಏನನ್ನು ಕಳೆದುಕೊಂಡೆವೆಂದು ತಿಳಿಯುವ ದಾರಿಯನ್ನೂ ಕಳೆದುಕೊಳ್ಳುತ್ತಾರೆ.

ಚಿದಂಬರ ರಹಸ್ಯ – ತೇಜಸ್ವಿಯವರದೇ ಇನ್ನೊಂದು

ಏಲಕ್ಕಿ ಇಳುವರಿ ಏಕೆ ಕುಸಿಯಿತು? ವಿಜ್ಞಾನಿ ಜೋಗಿಹಾಳರ ಸಾವು ಸಹಜವೇ? ತನಿಖೆಗೆಂದು ಕೆಸರೂರಿಗೆ ಬರುತ್ತಾರೆ ಅಂಗಡಿ. ಆ ಊರಿನ ಜನ ಎಷ್ಟು ನಗಿಸುತ್ತಾರೆಂದರೆ, ಕೆಳಗೆ ಕಿಚ್ಚು ಹೊಗೆಯಾಡುತ್ತಿರುವುದು ನಮಗೆ ಕಾಣುವುದೇ ಇಲ್ಲ. ನಡುವೆ ರಫಿ ಮತ್ತು ಜಯಂತಿಯ ಪ್ರೀತಿ. ಅವರಿಬ್ಬರ ಧರ್ಮ ಬೇರೆ ಬೇರೆ ಎಂಬುದಷ್ಟೇ ಊರಿಗೆ ಮುಖ್ಯ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ ಎಂದು ಹೆದರಬೇಡಿ, ಪತ್ತೇದಾರಿಯಷ್ಟೇ ಸಲೀಸು. ಆದರೆ ಕೊನೆ ಮಾತ್ರ ಬಹಳ ದಿನ ಬಿಡುವುದಿಲ್ಲ.

ಕನಕ ಮುಸುಕು – ಕೆ.ಎನ್. ಗಣೇಶಯ್ಯ

ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ ನಂತರ ಲೋಕಕ್ಕೆ ಹರಡಿತು ಎಂದು ಓದಿದ್ದೇವೆ. ಹಾಗಿದ್ದರೆ 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಜೋಳದ ತೆನೆಯಂತೆ ಕಾಣುವುದು ಏನು? ಈ ಪ್ರಶ್ನೆಯ ಬೆನ್ನು ಹತ್ತಿ ಓಡುತ್ತದೆ ಕತೆ. ಅದು ಜೋಳವೇ ಅಲ್ಲ ಎನ್ನುವ ವಿದ್ವಾಂಸರಿದ್ದಾರೆ, ಆದ್ದರಿಂದ ಇದನ್ನು ಇತಿಹಾಸವೆಂದಲ್ಲ, ಕಾದಂಬರಿಯೆಂದೇ ಓದಿ. ಲೇಖಕರು ಸ್ವತಃ ಕೃಷಿ ವಿಜ್ಞಾನಿ. ಹಾಗಾಗಿ ವಿಷಯಕ್ಕೆ ಕೊರತೆಯಿಲ್ಲ, ಪಾತ್ರಗಳಿಗೆ ಮಾತ್ರ ಇನ್ನಷ್ಟು ರಕ್ತಮಾಂಸ ಬೇಕಿತ್ತು. ಆದರೂ ಮುಂದಿನ ಸಲ ಊರಿಗೆ ಹೋದಾಗ ದೇವಸ್ಥಾನದ ಗೋಡೆಯ ಮುಂದೆ ನೀವು ಐದು ನಿಮಿಷ ಹೆಚ್ಚು ನಿಲ್ಲುತ್ತೀರಿ. ಇಂಗ್ಲಿಷಿನಲ್ಲಿ ಡಾನ್ ಬ್ರೌನ್ ಓದುವ ಮಕ್ಕಳಿಗೆ ತೋರಿಸಿ.

ತೇಜೋ ತುಂಗಭದ್ರಾ – ವಸುಧೇಂದ್ರ

2019ರ ದಪ್ಪ ಪುಸ್ತಕ. ನೋಡಿ ಹಿಂಜರಿಯಬೇಡಿ. ತೇಜೋ ನದಿಯ ಲಿಸ್ಬನ್‌ನಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ತುಂಗಭದ್ರೆಯ ದಡದ ತೆಂಬಕಪುರದಲ್ಲಿ ಹಂಪಮ್ಮ ಮತ್ತು ಕೇಶವ. ವಿಜಯನಗರದ ವೈಭವದ ಕಾಲ, ಪೋರ್ಚುಗೀಸರು ಗೋವೆಗೆ ಬಂದಿಳಿದ ಕಾಲ. ಬೆಲ್ಲಾಳನ್ನು ಮದುವೆಯಾಗಲು ಯೋಗ್ಯನಾಗುವಷ್ಟು ಸಂಪಾದಿಸಿಕೊಂಡು ಬರುತ್ತೇನೆಂದು ಗೇಬ್ರಿಯಲ್ ಇಂಡಿಯಾದ ಹಡಗು ಹತ್ತುತ್ತಾನೆ.

ಸ್ವಲ್ಪ ದುಡ್ಡು ಮಾಡಿಕೊಂಡು ವಾಪಸು ಬಂದುಬಿಡುತ್ತೇನೆ. ಈ ವಾಕ್ಯವನ್ನು ನಮ್ಮಲ್ಲಿ ಎಷ್ಟು ಜನ ವಿಮಾನ ನಿಲ್ದಾಣದಲ್ಲಿ ಹೇಳಿ ಬಂದಿಲ್ಲ? ಐದುನೂರು ವರ್ಷದ ಹಿಂದೆ, ನಮ್ಮದಲ್ಲದ ದಿಕ್ಕಿನಿಂದ ನಮ್ಮೂರಿಗೇ ಬಂದವನ ಬಾಯಲ್ಲೂ ಅದೇ ಮಾತು. ಎರಡು ನದಿಗಳ ಕತೆ ಎಲ್ಲಿ ಕೂಡುತ್ತದೆ ಎಂಬ ಕುತೂಹಲವೇ ಪುಟಗಳನ್ನು ತಿರುಗಿಸುತ್ತದೆ. ಕ್ರೌರ್ಯದ ಪ್ರಸಂಗಗಳು ಬಹಳಿವೆ, ಕೆಲವು ಕಡೆ ಪುಸ್ತಕ ಕೆಳಗಿಟ್ಟು ಒಂದು ಕಾಫಿ ಕುಡಿದು ಬರಬೇಕಾಯಿತು. ಧರ್ಮದ ಹೆಸರಿನಲ್ಲಿ ಎರಡೂ ದಡದವರು ಮಾಡುವುದನ್ನು ಲೇಖಕರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದಾರೆ. ಈ ವರ್ಷ ನನ್ನ ಮನಸ್ಸಿನಲ್ಲಿ ಅತಿ ಹೆಚ್ಚು ಉಳಿದ ಪುಸ್ತಕ ಇದು.

ಘಾಚರ್ ಘೋಚರ್ – ವಿವೇಕ ಶಾನಭಾಗ

ಕೊನೆಯದು, ಎಲ್ಲಕ್ಕಿಂತ ಚಿಕ್ಕದು. ಕಾಫಿ ಹೌಸಿನಲ್ಲಿ ಕುಳಿತ ಒಬ್ಬ ತನ್ನ ಮನೆಯ ಕತೆ ಹೇಳುತ್ತಾನೆ. ಕಷ್ಟದಲ್ಲಿದ್ದ ಕುಟುಂಬ, ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ, ಬಂದ ಹಣ, ಮದುವೆಯಾಗಿ ಬಂದ ಅನಿತಾ. ಕಂಡದ್ದನ್ನು ಕಂಡ ಹಾಗೆ ಹೇಳುವ ಸೊಸೆ ಅವಳು. ಅಪ್ಪ ಅಮ್ಮ, ಅಕ್ಕ, ಚಿಕ್ಕಪ್ಪ ಎಲ್ಲರೂ ಸುತ್ತ ಕೂತು ನಗುನಗುತ್ತ ಮಾತಾಡುವ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನಮಗೆ ಮೆಲ್ಲನೆ ಗೊತ್ತಾಗುತ್ತ ಹೋಗುತ್ತದೆ. ಕೊಲೆಯಿಲ್ಲ, ಪೊಲೀಸರಿಲ್ಲ. ಆದರೂ ಕೊನೆಯ ಪುಟಗಳಲ್ಲಿ ಬೆನ್ನು ತಣ್ಣಗಾಗುತ್ತದೆ. ಪತ್ತೇದಾರನ ಕೆಲಸವನ್ನು ಲೇಖಕರು ಓದುವ ನಮಗೇ ವಹಿಸಿದ್ದಾರೆ. ಮುಗಿಸಿದ ಮೇಲೆ ನಮ್ಮ ಮನೆಯಲ್ಲಿ ಒಂದು ವಾರ ವಾದ ನಡೆಯಿತು, ಇನ್ನೂ ತೀರ್ಮಾನವಾಗಿಲ್ಲ! ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದವೂ ಇದೆ. ಅಪ್ಪ ಅಮ್ಮ ಕನ್ನಡದಲ್ಲಿ, ಕಾಲೇಜಿಗೆ ಹೋಗುವ ಮಕ್ಕಳು ಇಂಗ್ಲಿಷಿನಲ್ಲಿ ಓದಿ ಊಟದ ಮೇಜಿನಲ್ಲಿ ಜಗಳವಾಡಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಒಟ್ಟು ನೋಡಿದರೆ ಒಂದು ಮಾತು ತೋಚುತ್ತದೆ. ಹಗುರ ಪುಸ್ತಕವೆಂದು ನಾವು ಬದಿಗಿಟ್ಟ ಸಾಲಿನಲ್ಲೇ ಭಾರವಾದ ಪ್ರಶ್ನೆಗಳೂ ಕುಳಿತಿವೆ. ಹಣ ಬಂದರೆ ಪ್ರೀತಿ ಏನಾಗುತ್ತದೆ, ದೂರ ಹೋದವನು ಹೋದ ಹಾಗೆಯೇ ಮರಳುತ್ತಾನೆಯೇ, ಮನೆಯನ್ನು ಒಟ್ಟಿಗಿಡಲು ಎಷ್ಟು ಸುಳ್ಳು ಬೇಕು? ಇವೆಲ್ಲ ನಮ್ಮವೇ ಪ್ರಶ್ನೆಗಳು. ಪ್ರೇಮ, ರಹಸ್ಯಗಳು ನಮ್ಮನ್ನು ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ಯುತ್ತವೆ ಅಷ್ಟೆ.

ಹಾಗಾಗಿ ನನ್ನದೊಂದು ಪುಟ್ಟ ಸಲಹೆ. ಹಿಂದೆ ವಾರಪತ್ರಿಕೆಗಾಗಿ ಕಾಯುತ್ತಿದ್ದೆವಲ್ಲ, ಹಾಗೆ ಮನೆಯಲ್ಲಿ ರಾತ್ರಿ ಊಟದ ನಂತರ ಹತ್ತೇ ಪುಟ ಗಟ್ಟಿಯಾಗಿ ಓದಿ. ಒಳ್ಳೆಯ ಜಾಗ ಬಂದಾಗ ನಿಲ್ಲಿಸಿಬಿಡಿ. ನಾಳೆ ಓದುವಂತೆ ಯಾರಿಗೂ ಹೇಳಬೇಕಾಗಿಲ್ಲ, ಅವರೇ ಕೇಳುತ್ತಾರೆ. ಮೊದಲ ಪುಸ್ತಕಕ್ಕೆ ಒಂದು ತಿಂಗಳಾದರೂ ಚಿಂತೆಯಿಲ್ಲ, ಎರಡನೆಯದರ ಹೊತ್ತಿಗೆ ಕಣ್ಣಿಗೆ ಹಳೆಯ ಓಟ ಬರುತ್ತದೆ.

ನಮ್ಮ ಮುಂದಿನ ಸಮಾರಂಭಕ್ಕೆ ಬರುವಾಗ ಓದಿ ಮುಗಿಸಿದ ಒಂದೊಂದು ಪುಸ್ತಕ ತನ್ನಿ, ಒಂದು ಮೇಜಿನ ಮೇಲೆ ಇಟ್ಟು ಅದಲು ಬದಲು ಮಾಡಿಕೊಳ್ಳೋಣ. ಜೊತೆಗೆ ನಿಮಗೆ ಮೆಚ್ಚಿದ, ಮೆಚ್ಚದ ಕಾದಂಬರಿಗಳ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ನನ್ನ ಅಭಿಪ್ರಾಯ ತಪ್ಪೆನಿಸಿದರೆ ಅದನ್ನೂ ಬರೆಯಿರಿ, ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲೇ ನಿಂತು ವಾದ ಮಾಡೋಣ!