ರಿಪೋರ್ಟಿನ ಉದ್ದುದ್ದ ಪದಗಳನ್ನು ಬಿಡಿಸಿ ಓದಿ

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಹೆಪಟೊಮೆಗಲಿ’ ಅಂತ ಬರೆದಿದೆಯಾ? ಗಾಬರಿ ಬೇಡ. ಪದವನ್ನು ಎರಡು ತುಂಡು ಮಾಡಿ.

ಮೊದಲ ತುಂಡು ಯಾವ ಅಂಗ ಅಂತ ಹೇಳುತ್ತದೆ. ಹೆಪಟೊ ಅಂದರೆ ಲಿವರ್. ಬಲಗಡೆ ಪಕ್ಕೆಲುಬುಗಳ ಮರೆಯಲ್ಲಿರುವ, ವಯಸ್ಕರಲ್ಲಿ ಸುಮಾರು 1.5 ಕೆ.ಜಿ. ತೂಗುವ ಅಂಗ. ನೆಫ್ರೊ ಅಂದರೆ ಮೂತ್ರಪಿಂಡ. ಗ್ಯಾಸ್ಟ್ರೊ, ಜಠರ. ಕಾರ್ಡಿಯೊ, ಹೃದಯ.

ಕೊನೆಯ ತುಂಡು ಅಲ್ಲಿ ಏನಾಗಿದೆ ಅಂತ ಹೇಳುತ್ತದೆ. ಮೆಗಲಿ ಅಂದರೆ ಗಾತ್ರ ಹಿಗ್ಗಿದೆ. ಐಟಿಸ್, ಉರಿಯೂತ. ಲಿಥಿಯಾಸಿಸ್, ಕಲ್ಲು. ಎಕ್ಟಮಿ, ಆಪರೇಷನ್ ಮಾಡಿ ತೆಗೆಯುವುದು.

ಈಗ ನೀವೇ ಓದಿ. ನೆಫ್ರೊಲಿಥಿಯಾಸಿಸ್? ಮೂತ್ರಪಿಂಡದಲ್ಲಿ ಕಲ್ಲು. ಅಪೆಂಡೆಕ್ಟಮಿ? ಅಪೆಂಡಿಕ್ಸ್ ತೆಗೆಯುವ ಆಪರೇಷನ್. ಗ್ಯಾಸ್ಟ್ರೈಟಿಸ್? ಜಠರದ ಒಳಪದರದ ಉರಿಯೂತ.

ಇಲ್ಲೊಂದು ಎಚ್ಚರಿಕೆ. ಐಟಿಸ್ ಅಂದ ಮಾತ್ರಕ್ಕೆ ಸೋಂಕು ಅಂತಲ್ಲ. ಕೆಲವು ನೋವಿನ ಮಾತ್ರೆಗಳಿಂದಲೂ ಗ್ಯಾಸ್ಟ್ರೈಟಿಸ್ ಬರಬಹುದು. ಹಾಗಾಗಿ ಪದ ನೋಡಿ ನೀವೇ ಆಂಟಿಬಯೋಟಿಕ್ ನುಂಗಬೇಡಿ.

ಎಲ್ಲಿ, ಏನು ಅನ್ನುವುದಷ್ಟೇ ಪದದಲ್ಲಿದೆ. ಯಾಕೆ ಬಂತು, ಎಷ್ಟು ಗಂಭೀರ ಅನ್ನುವುದನ್ನು ವೈದ್ಯರೇ ಹೇಳಬೇಕು. ಈ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೇ ಆಸ್ಪತ್ರೆಗೆ ಹೋಗಿ, ಸಂಕೋಚವಿಲ್ಲದೆ ಕೇಳಿ. ನಿಮ್ಮ ದೇಹದ ಬಗ್ಗೆ ತಿಳಿದುಕೊಳ್ಳುವುದು ನಿಮ್ಮ ಹಕ್ಕು.